ಸಹಸಂಬಂಧ ಅಧ್ಯಯನದ ಮಿತಿಗಳನ್ನು ಬರೆಯುವ ಬಗೆ

ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಮನೋವಿಜ್ಞಾನದ ಸ್ನಾತಕೋತ್ತರ ಪ್ರಬಂಧ ಸಿದ್ಧಪಡಿಸುತ್ತಿರುವವರು ‘ಸಹಸಂಬಂಧವು (ಎರಡು ಅಂಶಗಳು ಒಟ್ಟಿಗೆ ಏರಿಳಿಯುವುದು) ಕಾರಣವನ್ನು ಸಾಬೀತುಪಡಿಸುವುದಿಲ್ಲ’ ಎಂಬ ಒಂದೇ ವಾಕ್ಯದಲ್ಲಿ ಮಿತಿಗಳ ಭಾಗವನ್ನು ಮುಗಿಸಬಾರದು. ಆ ಮಾತು ಯಾರ ಪ್ರಬಂಧಕ್ಕಾದರೂ ಹೊಂದುತ್ತದೆ. ನಿಮ್ಮ ದತ್ತಾಂಶ ಯಾವ ಪ್ರಶ್ನೆಗೆ ಉತ್ತರಿಸಲಾರದು ಎಂಬುದನ್ನು ನೀವೇ ಹೆಸರಿಸಿ ಹೇಳಬೇಕು.

ಮಂಡ್ಯದ ಪಿಯು ವಿದ್ಯಾರ್ಥಿಗಳಲ್ಲಿ ಮೊಬೈಲ್ ಬಳಕೆಯ ಅವಧಿಗೂ ಆತಂಕದ ಅಂಕಗಳಿಗೂ +0.30 ಸಹಸಂಬಂಧ ದೊರೆಯಿತೆಂದು ಭಾವಿಸಿ. ಮೊದಲು ದಿಕ್ಕನ್ನು ಪ್ರಶ್ನಿಸಿ: ಮೊಬೈಲ್ ಆತಂಕವನ್ನು ಹೆಚ್ಚಿಸಿತೋ, ಆತಂಕಗೊಂಡವರೇ ಮೊಬೈಲಿನ ಮೊರೆಹೊಕ್ಕರೋ ಎಂಬುದನ್ನು ಒಂದೇ ಬಾರಿ ತುಂಬಿಸಿದ ಪ್ರಶ್ನಾವಳಿ ತಿಳಿಸಲಾರದು. ಅನಂತರ ಮೂರನೆಯ ಚರವನ್ನು, ಅಂದರೆ ಈ ಎರಡರ ಹಿಂದೆಯೂ ಇರಬಹುದಾದ ಇನ್ನೊಂದು ಅಂಶವನ್ನು, ಹುಡುಕಿ. ಹಾಸ್ಟೆಲಿನ ಒಂಟಿತನ, ಮನೆಯ ಸಾಲದ ಚಿಂತೆ, ಪರೀಕ್ಷೆಯ ಒತ್ತಡ ಇವು ಎರಡನ್ನೂ ಒಟ್ಟಿಗೆ ಏರಿಸಬಲ್ಲವು. ಇವುಗಳಲ್ಲಿ ಯಾವುದನ್ನು ಅಳೆದಿರಿ, ಯಾವುದನ್ನು ಬಿಟ್ಟಿರಿ ಎಂದು ಸ್ಪಷ್ಟವಾಗಿ ಬರೆಯಿರಿ. ಅಳೆದ ಚರದ ಪ್ರಭಾವವನ್ನು ಆಂಶಿಕ ಸಹಸಂಬಂಧದಿಂದ (ಮೂರನೆಯ ಚರದ ಪಾಲನ್ನು ತೆಗೆದು ಉಳಿದ ಸಂಬಂಧವನ್ನು ಲೆಕ್ಕಹಾಕುವ ವಿಧಾನ) ಬೇರ್ಪಡಿಸಬಹುದಾದರೂ ಅಳೆಯದೆ ಬಿಟ್ಟವು ಹಾಗೆಯೇ ಉಳಿಯುತ್ತವೆ. ನಿದ್ರೆಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು: ಮೊಬೈಲು ನಿದ್ರೆಗೆಡಿಸಿ ಆ ಮೂಲಕವೇ ಆತಂಕ ತರುತ್ತಿದ್ದರೆ, ನಿದ್ರೆಯನ್ನು ‘ನಿಯಂತ್ರಿಸಿದಾಗ’ ನೀವು ತಿಳಿಯಹೊರಟ ಪರಿಣಾಮದ ಒಂದು ಭಾಗವೇ ಅಳಿಸಿಹೋಗುತ್ತದೆ.

ಸಹಸಂಬಂಧವನ್ನು ಅಳೆಯುವ ಸಂಖ್ಯೆಯಾದ ಗುಣಾಂಕದ ಗಾತ್ರವನ್ನೂ ಮರೆಮಾಚಬೇಡಿ. 0.30ರ ವರ್ಗ 0.09, ಅಂದರೆ ಆತಂಕದ ಅಂಕಗಳ ವ್ಯತ್ಯಾಸದಲ್ಲಿ ಶೇ 9ರಷ್ಟು ಮಾತ್ರ ಮೊಬೈಲ್ ಬಳಕೆಯೊಂದಿಗೆ ಹೊಂದಿಕೊಂಡಿದೆ. ಮಾದರಿ (ಅಧ್ಯಯನಕ್ಕೆ ಆರಿಸಿದವರ ಗುಂಪು) ದೊಡ್ಡದಾದಷ್ಟೂ ತೀರಾ ಸಣ್ಣ ಗುಣಾಂಕವೂ ಸಂಖ್ಯಾಶಾಸ್ತ್ರೀಯವಾಗಿ ಸಾರ್ಥಕವೆನಿಸುತ್ತದೆ, ಅಂದರೆ ಬರಿಯ ಆಕಸ್ಮಿಕವಲ್ಲವೆಂದು ತೋರುತ್ತದೆ; ಅದರಿಂದ ಸಂಬಂಧ ಬಲವಾಗಿದೆ ಎಂದಾಗದು.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗವನ್ನು ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಮನೋವಿಜ್ಞಾನಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಅಧ್ಯಯನ ಮಾಡಿದವರು. ಅಳತೆಯ ದೋಷವು ಸಹಸಂಬಂಧವನ್ನು ಕುಗ್ಗಿಸುತ್ತದೆಂದು ಸ್ಪಿಯರ್‌ಮನ್ 1904ರಲ್ಲೇ ತೋರಿಸಿದ್ದರು. ಆದ್ದರಿಂದ ನಿಮ್ಮ ಮಾಪನಿಯ ವಿಶ್ವಾಸಾರ್ಹತೆಯನ್ನು (ಅದು ಎಷ್ಟು ಸ್ಥಿರವಾಗಿ ಅಳೆಯುತ್ತದೆ ಎಂಬುದನ್ನು), ವಿಶೇಷವಾಗಿ ಅದು ಕನ್ನಡಕ್ಕೆ ಅನುವಾದಗೊಂಡಿದ್ದರೆ, ನೀವು ಅಧ್ಯಯನ ಮಾಡಿದ ವಿದ್ಯಾರ್ಥಿಗಳ ಉತ್ತರಗಳಿಂದಲೇ ಲೆಕ್ಕಹಾಕಿ ವರದಿ ಮಾಡಿ. ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವರಿಗಷ್ಟೇ ಪ್ರವೇಶ ನೀಡುವ ಒಂದೇ ಕಾಲೇಜಿನಿಂದ ಮಾದರಿ ಆರಿಸಿದ್ದರೆ ನೀವು ಅಳೆಯುವ ಅಂಕಗಳ ಹರವು ಕಿರಿದಾಗಿ ಗುಣಾಂಕ ಇಳಿದಿರಬಹುದು, ಅದನ್ನೂ ಸೇರಿಸಿ.

ಇಷ್ಟನ್ನು ಬರೆಯುವ ಮುನ್ನ ಚದುರು ನಕ್ಷೆಯನ್ನು (ಪ್ರತಿ ವಿದ್ಯಾರ್ಥಿಯ ಎರಡೂ ಅಳತೆಗಳನ್ನು ಒಂದು ಬಿಂದುವಾಗಿ ತೋರಿಸುವ ನಕ್ಷೆ) ಅಗತ್ಯವಾಗಿ ನೋಡಿ. 1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೂಂಬ್ ರಚಿಸಿದ ನಾಲ್ಕು ದತ್ತಾಂಶಗಳಲ್ಲಿ ಗುಣಾಂಕ ಸುಮಾರು 0.816 ಆಗಿಯೇ ಇದ್ದರೂ ಒಂದರ ನಕ್ಷೆ ವಕ್ರವಾಗಿದೆ, ಇನ್ನೊಂದರಲ್ಲಿ ಇಡೀ ಸಂಬಂಧವು ಒಂಟಿ ಬಿಂದುವೊಂದನ್ನೇ ಅವಲಂಬಿಸಿದೆ.

ಕೊನೆಗೆ ಶಿಫಾರಸುಗಳ ಭಾಗಕ್ಕೆ ಮರಳಿ, ಮಿತಿಗಳಲ್ಲಿ ಒಪ್ಪಿಕೊಂಡದ್ದನ್ನು ಅಲ್ಲಿ ಮೀರಿದ್ದೀರೇ ಎಂದು ಪರಿಶೀಲಿಸಿ: ‘ಕಾಲೇಜುಗಳು ಮೊಬೈಲ್ ನಿಷೇಧಿಸಬೇಕು’ ಎಂಬ ಸಲಹೆಗೆ ಈ ದತ್ತಾಂಶದಲ್ಲಿ ಆಧಾರವಿಲ್ಲ, ಆದರೆ ಅದೇ ವಿದ್ಯಾರ್ಥಿಗಳನ್ನು ವರ್ಷದುದ್ದಕ್ಕೂ ಹಲವು ಬಾರಿ ಅಳೆಯಬೇಕೆಂಬ ಸಲಹೆಗೆ ಇದೆ.