ಅರ್ಜಿಯಲ್ಲಿ ಆ ಕಾಲಂ ಇರಲಿಲ್ಲ

ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ ಸೇರಬೇಕು ಅಂತಿರುವ ಹುಡುಗರು ನನಗೆ ಫೋನ್ ಮಾಡಿದರೆ ಮೊದಲು ಕೇಳೋದು ಇದನ್ನೇ: "ಸರ್, ಎಷ್ಟು ವರ್ಷ ಎಕ್ಸ್‌ಪೀರಿಯನ್ಸ್ ಬೇಕ್ರಿ?" ನಮ್ಮಲ್ಲಿ ಸಾಮಾನ್ಯವಾಗಿ ಬೇಕಿಲ್ಲ. ಯಾವುದಾದರೂ ಪದವಿ ಇರಬೇಕು, ಅವರು ಹೇಳಿದಷ್ಟು ಅಂಕ ಇರಬೇಕು. ಸಮಾಜಕಾರ್ಯದ ಪದವಿ ಬಿಎಸ್‌ಡಬ್ಲ್ಯೂನೇ ಆಗಬೇಕು ಅಂತಲೂ ಇಲ್ಲ, ನಂದು ಬಿಎ. ದೂರಶಿಕ್ಷಣ ಕೊಡುವ ಇಗ್ನೋ ವಿಶ್ವವಿದ್ಯಾಲಯದ ಎಂಎಸ್‌ಡಬ್ಲ್ಯೂಗೂ ಪದವಿ ಸಾಕು.

ಆದರೂ ನಾನು ಸೇರುವ ಮುಂಚೆ ಎರಡು ವರ್ಷ ಕೆಲಸ ಮಾಡಿದ್ದೆ. ಬೇಕೂಂತ ಅಲ್ಲ. ಬಿಎ ಮುಗಿದಾಗ ಮನೆಯಲ್ಲಿ ದುಡ್ಡಿರಲಿಲ್ಲ. ಇಂಡಿ ತಾಲ್ಲೂಕಿನ ನಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತನ ಜಾಗ ಖಾಲಿ ಇತ್ತು. ಈ ಕೆಲಸಕ್ಕೆ ಅಂಗವಿಕಲರನ್ನೇ ತೆಗೆದುಕೊಳ್ಳುತ್ತಾರೆ. ನನಗೆ ಎಡಗಾಲು ಪೋಲಿಯೊ. ಸಿಕ್ಕಿತು. ಗೌರವಧನ ಕಮ್ಮಿ, ತಿರುಗಾಟ ಜಾಸ್ತಿ.

ಕೆಲಸ ಅಂದರೆ ಮನೆ ಮನೆಗೆ ಹೋಗಿ ಯಾರಿಗೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಆಗಿದೆ, ಯಾರಿಗೆ ಮಾಸಾಶನ ನಿಂತಿದೆ ಅಂತ ನೋಡೋದು, ಅರ್ಜಿ ತುಂಬೋದು, ಆಸ್ಪತ್ರೆಗೆ ಕರೆದುಕೊಂಡು ಹೋಗೋದು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಬಂದ ಮೇಲೆ ಅಂಗವಿಕಲತೆಯ ಪಟ್ಟಿ 7ರಿಂದ 21ಕ್ಕೆ ಏರಿದೆ. ನಮ್ಮೂರಲ್ಲಿ ಮಾತ್ರ ಕಣ್ಣು, ಕಿವಿ, ಕಾಲು ಬಿಟ್ಟು ಬೇರೆಯದನ್ನು ಯಾರೂ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಒಂದು ಮನೆಯ ವಿಷಯ ಹೇಳಲೇಬೇಕು. ಆರು ವರ್ಷದ ಹುಡುಗ, ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ಅವನ ಅವ್ವ ತೋಟದಲ್ಲಿ ಲಿಂಬೆಹಣ್ಣು ಹರಿಯುವ ಕೂಲಿಗೆ ಹೋಗುತ್ತಿದ್ದರು. ಅಂಗವಿಕಲತೆಯ ಸರ್ಟಿಫಿಕೇಟ್ ಮಾಡಿಸೋಣ ಅಂತ ನಾನೇ ಒತ್ತಾಯ ಮಾಡಿ ಬಸ್ಸು ಹತ್ತಿಸಿ ವಿಜಯಪುರಕ್ಕೆ ಕರೆದುಕೊಂಡು ಹೋದೆ. ಹುಡುಗನನ್ನು ಅವ್ವ ದಾರಿಯುದ್ದಕ್ಕೂ ತೊಡೆಯ ಮೇಲೆ ಹಿಡಿದುಕೊಂಡೇ ಕೂತಿದ್ದರು. ಆಸ್ಪತ್ರೆಗೆ ಹೋದರೆ ಆವತ್ತು ನೋಡುವ ದಿನವೇ ಅಲ್ಲ. ಒಂದು ಫೋನ್ ಮಾಡಿ ಕೇಳಿದ್ದರೆ ಮುಗಿಯುತ್ತಿತ್ತು. ನಾನು ಕೇಳಿರಲಿಲ್ಲ. ಅವ್ವನ ಒಂದು ದಿನದ ಕೂಲಿ ಹೋಯಿತು. ಬೈಯಲಿಲ್ಲ ಅವರು. "ಇರ್ಲಿ ತಮ್ಮಾ" ಅಂದು ಹುಡುಗನ ಬಾಯಿ ಒರೆಸಿದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಮರುವಾರ ಕೇಳಿಕೊಂಡೇ ಹೋದೆವು. ಬಸ್ ಚಾರ್ಜ್ ನಾನೇ ಕೊಟ್ಟೆ.

ಮುಂದೆ ವಿಜಯಪುರದ ಒಂದು ಕಾಲೇಜಿಗೆ ಅರ್ಜಿ ಹಾಕಿದೆ. ಅದರಲ್ಲಿ ಅನುಭವ ಅಂತ ಕಾಲಂ ಇರಲಿಲ್ಲ. ಆದರೆ ಪ್ರವೇಶಕ್ಕೆ ಮುಂಚೆ ಸಣ್ಣ ಸಂದರ್ಶನ ಇತ್ತು. ನಾನು ಹೆಮ್ಮೆಯಿಂದ ಎರಡು ವರ್ಷದ ಲೆಕ್ಕ ಒಪ್ಪಿಸತೊಡಗಿದೆ. ಇಷ್ಟು ಕಾರ್ಡ್, ಇಷ್ಟು ಅರ್ಜಿ. ಮೇಡಂ ಅರ್ಧಕ್ಕೇ ತಡೆದರು. "ಲೆಕ್ಕ ಸಾಕು. ನೀವು ತಪ್ಪು ಮಾಡಿದ್ದು ಒಂದು ಹೇಳ್ರಿ." ಆ ಬಸ್ಸಿನ ಕತೆ ಹೇಳಿದೆ. "ಚಾರ್ಜ್ ಕೊಟ್ರಿ ಅಂದ್ರಲ್ಲ, ಕೊಟ್ಟಿದ್ದು ಸರಿನಾ? ಅವರಿಗೆ ಕೊಟ್ರೆ ಉಳಿದವರಿಗೆ ಯಾಕಿಲ್ಲ?" ಸುಮ್ನೆ ಕೂತೆ. ಗೊತ್ತಿಲ್ಲ ಮೇಡಂ ಅಂದೆ. ಸೀಟು ಸಿಕ್ಕಿತು.

ಸೇರಿದ ಮೇಲೆ ವಾರಕ್ಕೆ ಎರಡು ದಿನ ಫೀಲ್ಡ್‌ವರ್ಕ್. ಹೋಗಿ ಬಂದಿದ್ದೆಲ್ಲ ಬರೆದು ಒಪ್ಪಿಸಬೇಕು. ಅನುಭವ ಇದ್ದವನಿಗೆ ಇದು ಸಲೀಸು ಅಂದುಕೊಂಡಿದ್ದೆ. ಅಲ್ಲ. ನನಗೆ ಅರ್ಜಿ ತುಂಬುವ ಚಟ ಹತ್ತಿತ್ತು. ಮನೆಯೊಳಗೆ ಕಾಲಿಟ್ಟ ಕೂಡಲೇ ಆಧಾರ್ ಕಾರ್ಡ್ ಕೇಳುತ್ತಿದ್ದೆ. ಕಣ್ಣು ಕಾಣದ ಒಬ್ಬ ಅಜ್ಜಿ ಕೇಳಿಯೇಬಿಟ್ಟರು, "ಆ ಕಾರ್ಡ್ ಬಂದ್ರ ನನ್ನ ಕಣ್ಣ ಬರ್ತಾವೇನೋ ಯಪ್ಪಾ? ಮೊದಲ ಕುಂದ್ರು, ಚಾ ಕುಡಿ." ಏನೂ ಗೊತ್ತಿಲ್ಲದೆ ಬಂದಿದ್ದ ನನ್ನ ಸಹಪಾಠಿ ಮಾತ್ರ ಕೂತು ಚಾ ಕುಡಿದು ಮಾತಾಡಿಸಿದಳು. ಮಗ ಗೋವಾಕ್ಕೆ ದುಡಿಯಲು ಹೋದವನು ಫೋನೇ ಮಾಡಿಲ್ಲ ಅನ್ನೋದು ಅವಳಿಗೆ ಗೊತ್ತಾಯಿತು, ನನಗಲ್ಲ.

ಇಂಗ್ಲೆಂಡಿನ ಕತೆ ಬೇರೆ. ಬೆಳಗಾವಿಯ ನನ್ನ ಗೆಳತಿಯೊಬ್ಬಳು ಅಲ್ಲಿ ಸೋಶಿಯಲ್ ವರ್ಕ್ ಮಾಸ್ಟರ್ಸ್‌ಗೆ ಅರ್ಜಿ ಹಾಕಿದಾಗ ಗೊತ್ತಾಗಿದ್ದು. ಅಲ್ಲಿ ಆ ಕೋರ್ಸ್ ಮುಗಿಸಿದವರು ಸೋಶಿಯಲ್ ವರ್ಕ್ ಇಂಗ್ಲೆಂಡ್ ಅನ್ನುವ ಸಂಸ್ಥೆಯಲ್ಲಿ ನೋಂದಣಿ ಮಾಡಿಸಿದರೆ ಮಾತ್ರ ಸೋಶಿಯಲ್ ವರ್ಕರ್ ಅಂತ ಹೇಳಿಕೊಳ್ಳಬಹುದು. ಹಾಗಾಗಿ ಸೇರುವಾಗಲೇ ಜನರ ಜೊತೆ ಕೆಲಸ ಮಾಡಿದ ಅನುಭವ ಕೇಳುವ ಯೂನಿವರ್ಸಿಟಿಗಳು ಜಾಸ್ತಿ. ಎಷ್ಟು ತಿಂಗಳು ಅನ್ನೋದು ಒಂದೊಂದು ಕಡೆ ಒಂದೊಂದು ಥರ. ಇವಳು ನನಗೇನೂ ಅನುಭವ ಇಲ್ಲ ಅಂತ ಅಳುತ್ತಿದ್ದಳು. ಲಕ್ವಾ ಹೊಡೆದ ಅಜ್ಜನನ್ನು ಎರಡು ವರ್ಷ ನೋಡಿಕೊಂಡವಳು ಅವಳೇ! ಮನೆಯವರ ಆರೈಕೆಯನ್ನೂ ಅಲ್ಲಿ ಹಲವು ಕಡೆ ಅನುಭವ ಅಂತ ಪರಿಗಣಿಸುತ್ತಾರೆ. ಅದನ್ನೇ ಬರೆ ಅಂದೆ. ಅಜ್ಜನನ್ನು ಹೊರಳಿಸೋದು, ಊಟ ಬೇಡ ಅಂತ ಹಟ ಹಿಡಿದಾಗ ಏನು ಮಾಡುತ್ತಿದ್ದಳು ಅನ್ನೋದು, ಎಲ್ಲ ಬರೆದಳು.

ಹೀಗೆ ಕೇಳುವ ಕಡೆ ಅರ್ಜಿ ಹಾಕುವವರು ಕೆಲಸ ಬಿಡುವ ಮುಂಚೆಯೇ ಅನುಭವದ ಪತ್ರ ಕೈಗೆ ತೆಗೆದುಕೊಳ್ಳಿ. ನಾನು ಬಿಟ್ಟ ಮೇಲೆ ಕೇಳಿದೆ. ಸಾಹೇಬ್ರು ರಜಾ, ಸೀಲು ಇನ್ನೊಬ್ಬರ ಹತ್ರ, ನಾಳೆ ಬರ್ರಿ. ಪತ್ರ ಸಿಕ್ಕಾಗ ನಾನು ಎರಡನೇ ಸೆಮಿಸ್ಟರ್ ಪರೀಕ್ಷೆ ಬರೆಯುತ್ತಿದ್ದೆ. ಅದರಲ್ಲಿ ನನ್ನ ಅಪ್ಪನ ಹೆಸರು ತಪ್ಪಾಗಿತ್ತು.