ಸ್ಕ್ಯಾನರ್‌ಗೂ ಕ್ಲೌಡ್‌ಗೂ ನಡುವೆ ಎರಡು ಫೋಲ್ಡರ್

ಮುಂಬೈಯ ಮಾಟುಂಗಾದಲ್ಲಿ ಚಿಕ್ಕಪ್ಪನ ಹೋಟೆಲ್ ಇದೆ. ಲೆಕ್ಕಪತ್ರ ನನ್ನ ಪಾಲಿಗೆ. ದಾದರ್ ಮಾರ್ಕೆಟ್ಟಿನ ತರಕಾರಿ ಚೀಟಿ, ವಾಶಿ ಎಪಿಎಂಸಿಯ ಅಕ್ಕಿ-ಬೇಳೆ ಬಿಲ್ಲು, ಗ್ಯಾಸು, ಹಾಲು ಎಲ್ಲವೂ ಗಲ್ಲಾದ ಕೆಳಗಿನ ಡ್ರಾಯರ್‌ಗೇ ಬೀಳುತ್ತಿದ್ದವು. ಜಿಎಸ್‌ಟಿ ಕಾಗದಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಶಾಖದಿಂದ ಅಚ್ಚಾಗುವ ಥರ್ಮಲ್ ಕಾಗದದ ಬಿಲ್ಲು, ಅದೂ ಅಡುಗೆಮನೆ ಪಕ್ಕದ ಸೆಕೆಯಲ್ಲಿ, ಅಷ್ಟು ದಿನ ಎಲ್ಲಿ ಬಾಳುತ್ತದೆ? ಚೀಟಿ ಇರುತ್ತಿತ್ತು, ಅಕ್ಷರ ಇರುತ್ತಿರಲಿಲ್ಲ.

ಹಾಳೆಗಳನ್ನು ತಾನೇ ಎಳೆದುಕೊಳ್ಳುವ ಸಣ್ಣ ಸ್ಕ್ಯಾನರ್ ತಂದೆ. ನೇರವಾಗಿ ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ಟಿನಲ್ಲಿರುವ ನಮ್ಮ ಖಾತೆಯ ಜಾಗಕ್ಕೆ, ಕಳಿಸುವ ಬಟನ್ ಅದರಲ್ಲೇ ಇತ್ತು. ಕೆಲವು ವಾರ ಚೆನ್ನಾಗಿ ನಡೆಯಿತು. ಆಮೇಲೆ ನಾನು ಖಾತೆಯ ಪಾಸ್‌ವರ್ಡ್ ಬದಲಾಯಿಸಿದೆ. ಸ್ಕ್ಯಾನರ್ ಹಳೆಯ ಲಾಗಿನ್ನನ್ನೇ ಹಿಡಿದುಕೊಂಡು ಕೂತಿತ್ತು. ಹಾಳೆ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು, ಮೇಲೆ ಮಾತ್ರ ಏನೂ ತಲುಪುತ್ತಿರಲಿಲ್ಲ. ಗೊತ್ತಾಗುವಷ್ಟರಲ್ಲಿ ವಾರ ದಾಟಿತ್ತು.

ಆಗ ಆ ಬಟನ್ನಿನ ಸಹವಾಸ ಬಿಟ್ಟೆ. ಕಂಪ್ಯೂಟರ್‌ನಲ್ಲಿ ಒಂದು ಫೋಲ್ಡರ್ ಮಾಡಿ, ಸ್ಕ್ಯಾನ್ ಅಲ್ಲಿಗೇ ಬೀಳುವಂತೆ ಇಟ್ಟೆ. ಅದನ್ನೇ ಡಾಕ್ಯುಮೆಂಟ್ ಸಾಫ್ಟ್‌ವೇರ್‌ನ ಸಿಂಕ್ ಪ್ರೋಗ್ರಾಂಗೂ ತೋರಿಸಿದೆ; ಫೋಲ್ಡರ್‌ಗೆ ಬಿದ್ದದ್ದನ್ನು ತಾನೇ ಕ್ಲೌಡ್‌ಗೆ ಏರಿಸುವುದು ಅದರ ಕೆಲಸ. ಇದರಲ್ಲೂ ಒಂದು ಎಡವಟ್ಟು. ನಲವತ್ತು ಪುಟದ ಕಟ್ಟು ಹಾಕಿದರೆ, ಸ್ಕ್ಯಾನ್ ಮುಗಿಯುವ ಮೊದಲೇ ಅರ್ಧ ಫೈಲ್ ಮೇಲೇರಿ, ತೆರೆಯಲು ಹೋದರೆ ಕೆಟ್ಟಿದೆ ಅನ್ನುತ್ತಿತ್ತು. ಅದಕ್ಕೇ ಎರಡು ಫೋಲ್ಡರ್: ಒಂದು 'ಬಂದದ್ದು', ಇನ್ನೊಂದು 'ಕಳಿಸು'. ಸ್ಕ್ಯಾನ್ ಮೊದಲನೆಯದಕ್ಕೆ ಬೀಳುತ್ತದೆ, ಸಿಂಕ್ ನೋಡುವುದು ಎರಡನೆಯದನ್ನು ಮಾತ್ರ. ಪುಟ ಎಣಿಸಿ, ಹೆಸರು ಕೊಟ್ಟು, ನಾನೇ ಎರಡನೆಯದಕ್ಕೆ ಸರಿಸುತ್ತೇನೆ. ಎರಡೂ ಒಂದೇ ಡ್ರೈವ್‌ನಲ್ಲಿರಲಿ. ಆಗ ಸರಿಸಿದರೆ ಫೈಲ್ ಮತ್ತೆ ನಕಲಾಗುವುದಿಲ್ಲ, ಜಾಗದ ಗುರುತು ಮಾತ್ರ ಬದಲಾಗುತ್ತದೆ. ಸಿಂಕ್‌ಗೆ ಕಾಣುವುದು ಇಡೀ ಫೈಲೇ.

ಹೆಸರಿನ ವಿಷಯದಲ್ಲಿ ಪೆಟ್ಟು ತಿಂದೇ ಕಲಿತದ್ದು. ಮೊದಲು ಸ್ಕ್ಯಾನರ್ ಕೊಟ್ಟ 001, 002 ಅನ್ನೇ ಬಿಟ್ಟಿದ್ದೆ. ಒಮ್ಮೆ ಸ್ಕ್ಯಾನರ್ ನಡೆಸುವ ಡ್ರೈವರ್ ಸಾಫ್ಟ್‌ವೇರ್ ಮತ್ತೆ ಹಾಕಿದಾಗ ಎಣಿಕೆ ಪುನಃ ಒಂದರಿಂದ ಶುರುವಾಗಿ, ಹೊಸ ಬಿಲ್ಲು ಹಳೆಯದರ ಮೇಲೆ ಕೂತಿತು. ಪುಣ್ಯಕ್ಕೆ ಕ್ಲೌಡ್‌ನಲ್ಲಿ ಹಳೆಯ ಆವೃತ್ತಿಗಳು ಉಳಿದಿದ್ದವು. ಈಗ ವರ್ಷ, ತಿಂಗಳು, ದಿನ, ಆಮೇಲೆ ಅಂಗಡಿಯ ಹೆಸರು. ವರ್ಷ ಮೊದಲು ಬಂದರೆ ಫೈಲ್‌ಗಳು ತಾವೇ ಸಾಲಾಗಿ ನಿಲ್ಲುತ್ತವೆ.

ಸ್ಕ್ಯಾನ್ ಸ್ಪಷ್ಟತೆಗೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿ, ಸಾಕು. ಅದಕ್ಕಿಂತ ಜಾಸ್ತಿ ಇಟ್ಟರೆ ಸುಮ್ನೆ ಭಾರ. ಎ4 ಹಾಳೆಯ ಬಣ್ಣದ ಚಿತ್ರ 300ರಲ್ಲೇ, ಕುಗ್ಗಿಸುವ ಮೊದಲು, ಸುಮಾರು 26 ಎಂಬಿ ಆಗುತ್ತದೆ. ಮಾಸಿದ ಬಿಲ್ಲಿಗೆ ಬರೀ ಕಪ್ಪು-ಬಿಳುಪು ಬೇಡ, ತೆಳು ಅಕ್ಷರವನ್ನು ನುಂಗಿಬಿಡುತ್ತದೆ. ಬೂದು ಛಾಯೆಗಳನ್ನೂ ಹಿಡಿಯುವ ಗ್ರೇಸ್ಕೇಲ್ ಇಡಿ.

ಮಳೆಗಾಲದ್ದು ಬೇರೆಯೇ ಗೋಳು. ಮುಂಬೈಯ ಜುಲೈಯಲ್ಲಿ ಕಾಗದ ಮೆತ್ತಗಾಗಿ ಎರಡೆರಡು ಹಾಳೆ ಒಟ್ಟಿಗೇ ನುಗ್ಗುತ್ತವೆ. ಬಿಲ್ಲಿನ ಕಟ್ಟನ್ನು ಬೀಸಣಿಗೆಯಂತೆ ಬಿಡಿಸಿ ಹಾಕುತ್ತೇನೆ. ಪಿನ್ ತೆಗೆಯುವ ಕೆಲಸ ಗಲ್ಲಾದ ಹುಡುಗನದು. ಪುಟ ಎಣಿಸುವುದು ಯಾಕೆ ಅಂತ ಈಗ ತಿಳಿಯಿತಲ್ವಾ?

ಅಚ್ಚಾದ ಇಂಗ್ಲಿಷ್ ಬಿಲ್ಲನ್ನು ಸಾಫ್ಟ್‌ವೇರ್ ಓದಿಕೊಳ್ಳುತ್ತದೆ, ಹುಡುಕಿದರೆ ಸಿಗುತ್ತದೆ. ಚಿಕ್ಕಪ್ಪ ಕನ್ನಡದಲ್ಲಿ ಗೀಚಿದ ತರಕಾರಿ ಚೀಟಿ ಮಾತ್ರ ಅದಕ್ಕೆ ಬಗೆಹರಿಯಲಿಲ್ಲ. "ನಿನಗೇ ಓದ್ಲಿಕ್ಕೆ ಆಗುದಿಲ್ಲ ಮಾರಾಯ, ಅದಕ್ಕೆ ಹೇಗೆ ಆಗ್ತದೆ?" ಎಂದರು ಅವರು. ಆ ಚೀಟಿಗಳಿಗೆ ಹೆಸರು ಕೊಡುವಾಗ ಇವತ್ತಿಗೂ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ.