ಟೇಪ್ ಹಿಡಿದು ಮೊದಲು ತೋಳು ಅಳೆದೆ, ಆಮೇಲೆ ಬಿಪಿ

ನಾನು ಟೈಲರ್, ವಯಸ್ಸು 46, ಇರೋದು ಹಾಸನ ಜಿಲ್ಲೆಯ ಅರಸೀಕೆರೆ ಹತ್ತಿರ. ಅಪ್ಪ 51ಕ್ಕೇ ಹೋದರು. ರಾತ್ರಿ ಊಟ ಆದ ಮೇಲೆ ಎದೆ ಉರಿ ಅಂದರು, ಗ್ಯಾಸ್ಟ್ರಿಕ್ ಇರಬೇಕು ಅಂತ ಅಮ್ಮ ಜೀರಿಗೆ ಕಷಾಯ ಮಾಡಿಕೊಟ್ಟರು, ಬೆಳಗಿನ ಜಾವ ಆಸ್ಪತ್ರೆಗೆ ಹೊರಡುವ ಹೊತ್ತಿಗೆ ಎಲ್ಲ ಮುಗಿದಿತ್ತು.

2025ರ ಜೂನ್‌ನಲ್ಲಿ ನಮ್ಮ ಜಿಲ್ಲೆಯಿಂದ ಒಂದರ ಹಿಂದೆ ಒಂದು ಹಾರ್ಟ್ ಅಟ್ಯಾಕ್ ಸುದ್ದಿ ಬಂತಲ್ವಾ, ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ನಾನೂ ಹತ್ತಿರದಲ್ಲೇ ಇಸಿಜಿ ಮಾಡಿಸಿದೆ. ನಾರ್ಮಲ್. ಖುಷಿಯಿಂದ ಎದ್ದೆ, ಡಾಕ್ಟರು ಮತ್ತೆ ಕೂರಿಸಿದರು. ರಕ್ತನಾಳದಲ್ಲಿ ಕೊಬ್ಬು ಕಟ್ಟುತ್ತಿದ್ದರೂ ಸುಮ್ನೆ ಮಲಗಿದಾಗ ಇಸಿಜಿ ನಾರ್ಮಲ್ ಬರಬಹುದು, ಅಪ್ಪನಿಗೆ 55ರೊಳಗೆ ಹೀಗಾಗಿದ್ದರೆ ನಿಮಗೂ ಅಪಾಯ ಜಾಸ್ತಿ, ಬಿಪಿ ನೋಡಿ 158/96 ಇದೆ ಅಂದರು. ನನಗೆ ತಲೆನೋವಿಲ್ಲ, ಸುಸ್ತಿಲ್ಲ, ಏನೂ ಇಲ್ಲ! ಒಂದು ಸಲ ನೋಡಿದ್ದು ಸಾಲದು, ಏಳು ದಿನ ಮನೇಲಿ ನೋಡಿ ಬರೆದುಕೊಂಡು ಬನ್ನಿ ಅಂದರು. ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆಗೂ ಬರೆದುಕೊಟ್ಟರು.

ಬಿಪಿ ಮಷಿನ್ ತಂದು ತೋಳಿಗೆ ಪಟ್ಟಿ ಸುತ್ತಿದರೆ ಗಾಳಿ ತುಂಬುವಾಗ ಪರ್ ಅಂತ ಬಿಚ್ಚಿಕೊಳ್ಳುತ್ತಿತ್ತು. ಕೊರಳಲ್ಲಿ ಟೇಪ್ ಇದ್ದೇ ಇತ್ತು, ತೋಳು ಅಳೆದೆ. 35 ಸೆಂಟಿಮೀಟರ್. ಪಟ್ಟಿಯ ಮೇಲೆ ಸಣ್ಣ ಅಕ್ಷರದಲ್ಲಿ 22–32 ಅಂತಿತ್ತು. ತೋಳಿಗೆ ಚಿಕ್ಕದಾದ ಪಟ್ಟಿ ಹಾಕಿದರೆ ಬಿಪಿ ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ. ವಾಪಸ್ ಹೋಗಿ ದೊಡ್ಡ ಪಟ್ಟಿ ತಂದೆ. ದಯವಿಟ್ಟು ನೀವೂ ಮಷಿನ್ ಕೊಳ್ಳುವ ಮೊದಲು ತೋಳು ಅಳೆದುಕೊಳ್ಳಿ. ಹಾಗೇ ಸೊಂಟವನ್ನೂ. ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು. ನನ್ನದು 94 ಇತ್ತು.

ಬೆಳಿಗ್ಗೆ ಕಾಫಿಗೆ ಮುಂಚೆ, ಬೆನ್ನು ಒರಗಿಸಿ ಐದು ನಿಮಿಷ ಕೂರುತ್ತಿದ್ದೆ. ಪಾದ ನೆಲದ ಮೇಲೆ, ಮಾತಿಲ್ಲ, ತೋಳು ಎದೆ ಮಟ್ಟಕ್ಕೆ ಬರಲಿ ಅಂತ ಟೇಬಲ್ ಮೇಲೆ ಒಂದು ಬಟ್ಟೆ ಗಂಟು. ಒಂದು ನಿಮಿಷ ಬಿಟ್ಟು ಎರಡು ಸಲ. ರಾತ್ರಿಯೂ ಹಾಗೇ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ 147/92. ಮನೇಲಿ ನೋಡಿದಾಗ 135/85ರ ಒಳಗಿರಬೇಕು.

ಡಾಕ್ಟರು ಮಾತ್ರೆ ಬರೆದರು. ಒಮ್ಮೆ ಶುರು ಮಾಡಿದರೆ ಬಿಡೋಕಾಗಲ್ಲ, ಬೇಡಮ್ಮ ಅಂದರು ಅತ್ತೆ. "ನಮ್ಮಪ್ಪಂಗೆ ಇದು ಸಿಕ್ಕಿದ್ರೆ ಇನ್ನೂ ಇರ್ತಿದ್ರೇನೋ ಅತ್ತೆ" ಅಂದೆ. ಆಮೇಲೆ ಅವರು ಆ ಮಾತು ಎತ್ತಲಿಲ್ಲ.

ನನಗೆ ಜಾಸ್ತಿ ಕಷ್ಟ ಆಗಿದ್ದು ಉಪ್ಪು. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಸಾಕು. ಸಾರಿಗೆ ಕೈಯಲ್ಲೇ ಹಾಕೋ ನಮಗೆ ಅದನ್ನು ಅಳೆಯೋದು ಹೇಗೆ? ಹೊಸ ಒಂದು ಕೆಜಿ ಪ್ಯಾಕೆಟ್ ಒಡೆದಾಗ ಅದರ ಮೇಲೆ ಬಟ್ಟೆಗೆ ಗುರುತು ಹಾಕೋ ಚಾಕ್‌ನಲ್ಲಿ ತಾರೀಖು ಬರೆದೆ, ಅಳಿಸಿಹೋಯಿತು, ಮಾರ್ಕರ್‌ನಲ್ಲಿ ಬರೆದೆ. ನಾವು ನಾಲ್ಕು ಜನ. 50 ದಿನ ಬರಬೇಕಾದದ್ದು 23 ದಿನಕ್ಕೆ ಖಾಲಿ! ತಲೆಗೆ ಹತ್ತಿರ ಹತ್ತಿರ 11 ಗ್ರಾಂ, ಉಪ್ಪಿನಕಾಯಿಯ ಕಲ್ಲುಪ್ಪು ಬೇರೆ.

ಮಜ್ಜಿಗೆಗೆ, ಅನ್ನಕ್ಕೆ ಉಪ್ಪು ಹಾಕೋದು ನಿಲ್ಲಿಸಿದೆವು. ಹಪ್ಪಳ, ಉಪ್ಪಿನಕಾಯಿ ಭಾನುವಾರ ಮಾತ್ರ. ಸಾರಿಗೆ ಹುಣಸೆ, ನಿಂಬೆಹುಳಿ ಸ್ವಲ್ಪ ಮುಂದು. ಎರಡು ವಾರ ಮಗ ಸಪ್ಪೆ ಅಂತ ತಟ್ಟೆ ತಳ್ಳಿದ, ಆಮೇಲೆ ನಾಲಿಗೆ ಒಗ್ಗಿತು. ಸಂಜೆ ಹೊಲಿಗೆ ಮಷಿನ್ ಬಿಟ್ಟು ಎದ್ದು ಅರ್ಧ ಗಂಟೆ ಕೆರೆ ಏರಿ ಮೇಲೆ ನಡೀತೀನಿ.

ಮಾತ್ರೆ ಬಿಟ್ಟಿಲ್ಲ. ಹೋದ ವಾರದ ಸರಾಸರಿ 128/80. ಹೋದ ಉಪ್ಪಿನ ಪ್ಯಾಕೆಟ್ 38 ದಿನ ಬಂತು. ಈಗಿನದರ ಮೇಲೆ ತಾರೀಖು ಬರೆದವರು ಅತ್ತೆ.